ಶಿಲಾಬಾಲಿಕೆ ಮತ್ತು ಕಾವಲು ರಾಕ್ಷಸಿ

ಹಲ್ಲು ಡಾಕ್ಟರ ಬದುಕಿನ ದೊಡ್ಡ ಕೊರಗು ಏನೆಂದರೆ, ಅವರು ನೋಡುವುದೆಲ್ಲ ಗೇಣು ದೂರದ್ದು. ಬೆಳಗಾದರೆ ಯಾರದೋ ಬಾಯಿ, ಸಂಜೆಯಾದರೆ ಇನ್ಯಾರದೋ ಬಾಯಿ. ಜಗತ್ತಿನಲ್ಲಿ ಬೆಟ್ಟಗಳಿವೆ, ಸಮುದ್ರಗಳಿವೆ, ಗುಹೆಗಳಿವೆ. ಆದರೆ ಇವರ ಪಾಲಿಗೆ ಬಂದ ಗುಹೆಗಳೆಲ್ಲ ದವಡೆಯೊಳಗಿನವು. ಇಂಥ ಮನುಷ್ಯನಿಗೆ ಕೂದಲೆಲ್ಲ ಉದುರಿದ ಮೇಲೆ ದೂರದ್ದನ್ನು ನೋಡುವ ಹುಚ್ಚು ಹಿಡಿದರೆ ಅದು ತಪ್ಪೇ? (ತಪ್ಪು ಎಂದು ಅವರ ಹೆಂಡತಿ ಹೇಳುತ್ತಾರೆ. ಆಕೆಯ ಮಾತನ್ನೂ ಮುಂದೆ ಕೇಳೋಣ. ಕೇಳದೆ ಬೇರೆ ವಿಧಿಯಿಲ್ಲ.)

ಹುಚ್ಚು ಬಂದದ್ದು ಒಂದು ಟೆಲಿಫೋಟೋ ಲೆನ್ಸಿನ ರೂಪದಲ್ಲಿ. ಮೊಳದುದ್ದದ ಕೊಳವೆ, ಹಸುಗೂಸಿನಷ್ಟು ಭಾರ. ಅದನ್ನು ಪೆಟ್ಟಿಗೆಯಿಂದ ಎತ್ತಿಕೊಂಡಾಗ ಡಾಕ್ಟರ ಮುಖದಲ್ಲಿ ಉಕ್ಕಿದ ಪ್ರೀತಿಯನ್ನು, ಮದುವೆಯ ದಿನ ತಮ್ಮ ಮಗಳನ್ನು ನೋಡಿದಾಗಲೂ ಕಂಡಿರಲಿಲ್ಲ ಎಂದು ಅತ್ತೆಯವರು ಇಂದಿಗೂ ಸಾಕ್ಷಿ ಹೇಳುತ್ತಾರೆ. ಅತ್ತೆಯವರೆಂದರೆ ಹೆಂಡತಿಯ ತಾಯಿ. ಮಗಳು-ಅಳಿಯನ ಜೊತೆ ಇದೇ ಮನೆಯಲ್ಲಿದ್ದು, ಈ ಮನೆಯಲ್ಲಿ ನಡೆದದ್ದಕ್ಕೆಲ್ಲ ಸಾಕ್ಷಿ ಹೇಳುವುದೇ ಅವರ ಕೆಲಸ.

"ಇಷ್ಟು ದೊಡ್ಡ ಕೊಳವೇಲಿ ಏನ್ರೀ ನೋಡ್ತೀರಾ?" ಎಂದು ಹೆಂಡತಿ ಕೇಳಿದರು.

"ಮ್ಯೂಸಿಯಂ ಕಟ್ಟಡ."

"ಅದಕ್ಕೆ ಕೊಳವೆ ಯಾಕೆ? ಎರಡು ಸ್ಟಾಪ್ ಬಸ್ಸು. ಇಳಿದ್ರೆ ಎದುರಿಗೇ ಮೆಟ್ಟಿಲು."

ಡಾಕ್ಟರು ಕರುಣೆಯಿಂದ ನಕ್ಕರು. "ದೊಡ್ಡದನ್ನ ಯಾವತ್ತೂ ದೂರದಿಂದ ನೋಡ್ಬೇಕು ಕಣೇ. ಹತ್ತಿರ ಹೋಗಿ ಕ್ಯಾಮರಾ ಮೇಲಕ್ಕೆತ್ತಿ ಹೊಡೆದ್ರೆ ಕಂಬಗಳೆಲ್ಲ ಹಿಂದಕ್ಕೆ ವಾಲಿ ಬಿದ್ದುಹೋಗೋ ಹಾಗೆ ಕಾಣ್ತವೆ. ದೂರದಿಂದ, ನಮ್ಮ ತಾರಸಿಯಷ್ಟು ಎತ್ತರದಿಂದ ಹೊಡೆದ್ರೆ ಒಂದೊಂದೂ ನೆಟ್ಟಗೆ ನಿಲ್ತವೆ."

"ದೂರದ ಬೆಟ್ಟ ನುಣ್ಣಗೆ ಅನ್ನೋ ಗಾದೇನ ನೀವು ಹೊಗಳಿಕೆ ಅಂದ್ಕೊಂಡ್ರಾ?"

ಗಾದೆಗೆ ಉತ್ತರ ತೋಚದಿದ್ದಾಗ ಡಾಕ್ಟರು ಲೆನ್ಸ್ ಒರೆಸುತ್ತಾರೆ. ಒರೆಸಿದರು.

"ಹೋಗ್ಲಿ ಬಿಡಿ. ನಂಗೂ ಆ ಗುಮ್ಮಟ ಹತ್ತಿ ನೋಡ್ಬೇಕು ಅಂತ ಎಷ್ಟು ವರ್ಷದ ಆಸೆ. ರಿಪೇರಿ ಮುಗೀತಾ ಬಂತಂತೆ. ಒಂದು ದಿನ ಕರ್ಕೊಂಡು ಹೋಗ್ತೀರಾ?"

"ಹತ್ತಿರ ಹೋದ್ರೆ ಅದರ ಗಾಂಭೀರ್ಯ ಹಾಳಾಗುತ್ತೆ. ತಾರಸಿಗೆ ಬಾ, ಇಲ್ಲಿಂದ್ಲೇ ತೋರಿಸ್ತೀನಿ."

"ತೋರಿಸಿ ಅಂದ್ನಾ? ಹತ್ತಿಸಿ ಅಂದೆ," ಎಂದು ಹೆಂಡತಿ ಒಳಗೆ ಹೋದರು.

ಡಾಕ್ಟರನ್ನು ಎಷ್ಟು ಬೇಕಾದರೂ ಗೇಲಿ ಮಾಡಬಹುದು, ಆದರೆ ಕಟ್ಟಡವನ್ನು ಗೇಲಿ ಮಾಡುವಂತಿಲ್ಲ. ಊರಿನ ಎಲ್ಲ ನೀರಿನ ಟ್ಯಾಂಕುಗಳ, ಎಲ್ಲ ಆಂಟೆನಾಗಳ ಆಚೆ, ಯಾರ ಹಂಗೂ ಇಲ್ಲದೆ ಅದು ಎದ್ದು ನಿಂತಿದೆ. ಕೆಳಗೆ ಅಗಲವಾದ ಮೆಟ್ಟಿಲು, ಅದರ ಮೇಲೆ ಕಂಬಗಳ ಸಾಲು, ಅದರ ಮೇಲೆ ಮಹಾ ಗುಮ್ಮಟ, ಗುಮ್ಮಟದ ಬುಡದಲ್ಲಿ ಸೊಂಟಪಟ್ಟಿಯ ಹಾಗೆ ಸುತ್ತಿಬಂದಿರುವ ಕಲ್ಲಿನ ಕಟಾಂಜನದ ತಡೆಗೋಡೆ. ಕೆಲವು ವರ್ಷಗಳಿಂದ ರಿಪೇರಿಗೆಂದು ಕಬ್ಬಿಣದ ಸಾರುವೆ ಕಟ್ಟಿಕೊಂಡು, ಹಲ್ಲಿಗೆ ತಂತಿ ಹಾಕಿಸಿಕೊಂಡ ಹುಡುಗಿಯಂತೆ ಬಾಯಿ ಮುಚ್ಚಿ ಕೂತಿದ್ದ ಕಟ್ಟಡ ಅದು. (ಹೋಲಿಕೆ ಡಾಕ್ಟರದು.) ಈಗ ಸಾರುವೆ ಇಳಿದಿತ್ತು. ಮ್ಯೂಸಿಯಂನವರು ಮತ್ತೆ ಬಾಗಿಲು ತೆರೆಯುವ ದಿನಕ್ಕಾಗಿ ಊರಿನವರಿಂದ ಕಟ್ಟಡದ ಫೋಟೋಗಳನ್ನು ಕರೆದಿದ್ದರು. ಎಲ್ಲಕ್ಕಿಂತ ಒಳ್ಳೆಯದನ್ನು ಗೋಡೆಯಷ್ಟು ದೊಡ್ಡದಾಗಿ ಅಚ್ಚು ಹಾಕಿ ಒಳಬಾಗಿಲಿನ ಹಜಾರದಲ್ಲಿ ಶಾಶ್ವತವಾಗಿ ತೂಗುಹಾಕುತ್ತಾರಂತೆ.

ಶಾಶ್ವತ ಎಂಬ ಮಾತು ಡಾಕ್ಟರ ಎದೆಗೆ ನಾಟಿತು. ಪಾಪ, ಅವರ ಕೈಕೆಲಸ ಯಾವುದೂ ಶಾಶ್ವತವಲ್ಲ. ತುಂಬಿದ ಹಲ್ಲು ಉದುರುತ್ತದೆ, ಉದುರದಿದ್ದರೆ ಹಲ್ಲಿನ ಯಜಮಾನನೇ ಉದುರುತ್ತಾನೆ. ಆ ಗೋಡೆ ತನ್ನದಾಗಬೇಕು ಎಂದು ಅವರು ನಿಶ್ಚಯಿಸಿದರು. ಅಷ್ಟಕ್ಕೆ ಸುಮ್ಮನಿರದೆ, ಫೋಟೋ ತೆಗೆಯುವ ಮೊದಲೇ, ಬಂದ ಪೇಷಂಟುಗಳಿಗೆಲ್ಲ "ಗೋಡೆ ನಂದೇ ಅಂತ ಇಟ್ಕೊಳ್ಳಿ" ಎಂದು ಸಾರಿಬಿಟ್ಟರು. ಬಾಯಿ ತುಂಬ ಹತ್ತಿ ತುರುಕಿಕೊಂಡಿದ್ದ ಪೇಷಂಟುಗಳು "ಆಂ... ಆಂ" ಎಂದರು. ಡಾಕ್ಟರು ಅದನ್ನು ಮೆಚ್ಚುಗೆಯ ಲೆಕ್ಕಕ್ಕೆ ಹಾಕಿಕೊಂಡರು. ಇಪ್ಪತ್ತು ವರ್ಷ ಬಾಯಿ ತೆರೆದೂ ಎದುರಾಡಲಾಗದವರ ನಡುವೆ ಬದುಕಿದ ಮನುಷ್ಯನಿಗೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನಿಸಿದರೆ ಆಶ್ಚರ್ಯವಿಲ್ಲ.

ಆ ಮೊಲದ ಇನ್ನೊಂದು ಉದಾಹರಣೆ ಅತ್ತೆಯವರ ಬಾಯಲ್ಲಿಯೇ ಇತ್ತು. ಅವರ ಕಟ್ಟುಹಲ್ಲಿನ ಸೆಟ್ಟನ್ನು ಅಳಿಯಂದಿರೇ ಮಾಡಿಕೊಟ್ಟಿದ್ದರು.

"ಅಳಿಯಂದಿರೇ, ಮೇಲಿನ ಸಾಲು ಸ್ವಲ್ಪ ದೊಡ್ಡದಾಯ್ತು ಅನ್ಸುತ್ತೆ. ತುಟಿ ಮುಚ್ಚಿದ್ರೂ ಹಲ್ಲು ಆಚೇನೇ ಇರ್ತವೆ."

"ಅತ್ತೆ, ಅಳತೆ ತಪ್ಪೋ ಮಾತೇ ಇಲ್ಲ. ಹಲ್ಲು ಸರಿಯಾಗಿದೆ. ನಿಮ್ಮ ತುಟಿ ಚಿಕ್ಕದು."

ತುಟಿ ಚಿಕ್ಕದಾದ ತಪ್ಪನ್ನು ಹೊತ್ತುಕೊಂಡು ಅತ್ತೆಯವರು ನಗುವುದನ್ನೇ ಕಡಿಮೆ ಮಾಡಿದ್ದರು. ನಕ್ಕರೂ ಕೈ ಅಡ್ಡ ಹಿಡಿಯುತ್ತಿದ್ದರು.

ಇರಲಿ, ತಾರಸಿಗೆ ಹೋಗೋಣ. ಮುಂಜಾನೆ ಬಿಸಿಲು ಏರುವ ಮೊದಲಿನ ಹೊತ್ತೇ ಇಂಥ ಫೋಟೋಕ್ಕೆ ಪ್ರಶಸ್ತ. ಬಿಸಿಲು ಏರಿತೆಂದರೆ ಊರಿನ ಹೆಂಚು, ತಗಡು, ಡಾಂಬರು ಎಲ್ಲ ಕಾದು, ನಡುವಿನ ಗಾಳಿ ನಡುಗಿ, ಗುಮ್ಮಟ ಕುದಿಯುವ ಹಾಲಿನಂತೆ ಅಲುಗಾಡುತ್ತದೆ. ಆದ್ದರಿಂದ ಡಾಕ್ಟರು ತಣ್ಣನೆಯ ಹೊತ್ತಿನಲ್ಲಿ ಮುಕ್ಕಾಲಿ ಹೂಡಿ, ಕೊಳವೆ ಏರಿಸಿ, ಉಸಿರು ಬಿಗಿಹಿಡಿದು ಗುಂಡಿ ಒತ್ತಿದರು. ಫೋಟೋದಲ್ಲಿ ಗುಮ್ಮಟಗಳು ಎರಡು ಬಂದವು. ಮತ್ತೆ ಒತ್ತಿದರು. ಈ ಸಲ ಮೂರು. ಭೂಕಂಪವೇ ಎಂದು ಗಾಬರಿಯಾಗಿ ತಿರುಗಿ ನೋಡಿದರೆ, ತಾರಸಿಯ ಮೂಲೆಯ ಶೆಡ್ಡಿನಲ್ಲಿ ಬಟ್ಟೆ ಒಗೆಯುವ ಮಷೀನು ಬಟ್ಟೆ ಹಿಂಡುವ ಹಂತಕ್ಕೆ ಬಂದು, ದೆವ್ವ ಹಿಡಿದಂತೆ ಕುಣಿಯುತ್ತಿತ್ತು.

ಕೊಳವೆ ದೂರದ್ದನ್ನು ಮಾತ್ರ ದೊಡ್ಡದು ಮಾಡುವುದಿಲ್ಲ, ಇಲ್ಲಿನ ನಡುಕವನ್ನೂ ಅಷ್ಟೇ ದೊಡ್ಡದು ಮಾಡುತ್ತದೆ. ತಾರಸಿ ಕೂದಲೆಳೆಯಷ್ಟು ಅಲುಗಿದರೆ ಅಲ್ಲಿ ಮ್ಯೂಸಿಯಂ ಮಾರುದ್ದ ಹಾರುತ್ತದೆ.

"ಮಷೀನ್ ನಿಲ್ಸು!"

"ನಿಲ್ಲಿಸೋಕೆ ಆಗಲ್ಲ. ನಿಮ್ಮ ಕ್ಲಿನಿಕ್ ಕೋಟುಗಳೇ ಒಳಗಿರೋದು. ನಿಮ್ಮ ಗುಮ್ಮಟ ಎಲ್ಲಿಗೂ ಓಡಿಹೋಗಲ್ಲ, ಮಧ್ಯಾಹ್ನ ಹೊಡ್ಕೊಳ್ಳಿ."

"ಮಧ್ಯಾಹ್ನ ಗಾಳಿ ನಡುಗುತ್ತೆ. ನೀನು ಬಟ್ಟೆ ಮಧ್ಯಾಹ್ನ ಹಾಕು."

"ಮಧ್ಯಾಹ್ನ ಹಾಕಿದ್ರೆ ಒಣಗಲ್ಲ."

"ಚರಿತ್ರೆ ದೊಡ್ಡದಾ, ಬನೀನು ದೊಡ್ಡದಾ?"

"ಚರಿತ್ರೆ ತೊಟ್ಕೊಂಡು ಕ್ಲಿನಿಕ್ಕಿಗೆ ಹೋಗ್ತೀರಾ?"

ಕೊನೆಗೆ ಡಾಕ್ಟರು ಗೃಹ ಸರ್ಕಾರದ ಪರಮಾಧಿಕಾರವನ್ನು ಬಳಸಿ (ಅಂದರೆ ಮಷೀನಿನ ಫ್ಯೂಸನ್ನು ಕಿತ್ತು ಜೇಬಿಗೆ ಹಾಕಿಕೊಂಡು) ಸ್ಪರ್ಧೆ ಮುಗಿಯುವ ತನಕ ಬೆಳಗಿನ ಹೊತ್ತು ಯಂತ್ರಸ್ತಂಭನ ಘೋಷಿಸಿದರು. ತಾರಸಿಯ ಮೇಲೆ ಯಾರೂ ನಡೆದಾಡಕೂಡದು, ಬಟ್ಟೆ ಒಣಹಾಕಕೂಡದು, ಅತ್ತೆಯವರು ಕೆಮ್ಮುವುದಿದ್ದರೆ ಕೆಳಗೇ ಕೆಮ್ಮಬೇಕು. ಹೆಂಡತಿ ತಾಯಿಯ ಮುಖ ನೋಡಿದರು. ತಾಯಿ ಮಗಳ ಮುಖ ನೋಡಿದರು. ಇಬ್ಬರೂ "ಆಯ್ತು" ಎಂದರು. ಅಷ್ಟು ಸುಲಭವಾಗಿ ಒಪ್ಪಿದರಲ್ಲ ಎಂದು ಡಾಕ್ಟರಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ, ಅವರ ಮನಸ್ಸು ಗುಮ್ಮಟದ ಮೇಲಿತ್ತು.

ಆಮೇಲೆ ಕೆಲವು ದಿನ ಮೋಡ, ಕೆಲವು ದಿನ ಹೊಗೆ. ಕಡೆಗೊಂದು ಬೆಳಗ್ಗೆ ಆಕಾಶ ತೊಳೆದಿಟ್ಟ ಗಾಜಿನಂತೆ ತೆರೆದುಕೊಂಡಿತು. ಡಾಕ್ಟರು ಎದ್ದಾಗ ಮನೆಯಲ್ಲಿ ಸದ್ದಿಲ್ಲ. ಕಾಫಿ ಫ್ಲಾಸ್ಕಿನಲ್ಲಿತ್ತು. ಹೆಂಡತಿ ಇಲ್ಲ, ಅತ್ತೆ ಇಲ್ಲ, ಕೊಳೆಬಟ್ಟೆಯ ಗಂಟೂ ಇಲ್ಲ. ಆಹಾ, ಎಂಥ ಅನುಕೂಲ ಎಂದುಕೊಂಡು ತಾರಸಿಗೆ ಏರಿದರು. ಉಣ್ಣೆಯ ಟೋಪಿ ಕ್ಯಾಮರಾಕ್ಕೆ ತಾಗುತ್ತಿತ್ತೆಂದು ಅದನ್ನು ಕಳಚಿಟ್ಟು, ಬೋಳುತಲೆಗೆ ಚಳಿ ಹೊಡೆಸಿಕೊಳ್ಳುತ್ತ ಬಗ್ಗಿ ನೋಡಿದರೆ, ಅಬ್ಬಾ! ಸೂರ್ಯ ಆಗತಾನೆ ಇಣುಕಿದ್ದ. ಕಂಬಗಳು ನೆಟ್ಟಗೆ ನಿಂತಿದ್ದವು. ಗುಮ್ಮಟ, ಕಟಾಂಜನ, ಕಮಾನು ಎಲ್ಲ ಒಂದೇ ಹೊನ್ನಿನ ಬಣ್ಣ. ಒಂದೇ ಒಂದು ಸಲ ಗುಂಡಿ ಒತ್ತಿದರು. ಸಾಕಾಗಿತ್ತು.

ಒಗೆದ ಕೋಟು ಒಂದೂ ಇಲ್ಲದ್ದರಿಂದ ಆ ದಿನ ಅವರು ಅಡುಗೆಮನೆಯ ಹೂವಿನ ಏಪ್ರನ್ ಕಟ್ಟಿಕೊಂಡು ಹಲ್ಲು ಕಿತ್ತರು. ಅದೂ ಅವರಿಗೆ ತಿಳಿಯಲಿಲ್ಲ, ಅಷ್ಟು ಹೆಮ್ಮೆ.

ಸಂಜೆ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದರು. ಕಣ್ಣಲ್ಲಿ ಏನೋ ಹೊಳಪು.

"ಬೆಳಗ್ಗೆ ತಾರಸಿ ಮೇಲಿದ್ರಾ?"

"ಇದ್ದೆ."

"ಏನಾದ್ರೂ ಕಾಣಿಸ್ತಾ?"

"ಗುಮ್ಮಟ ಕಾಣಿಸ್ತು. ಏನು ಗುಮ್ಮಟ ಅಂತೀಯಾ!"

"ಗುಮ್ಮಟದ ಹತ್ರ?"

"ಗುಮ್ಮಟದ ಹತ್ರ ಇನ್ನೇನಿರುತ್ತೆ? ಗುಮ್ಮಟಾನೇ ಇರುತ್ತೆ."

ಹೆಂಡತಿಯ ಕಣ್ಣಿನ ಹೊಳಪು ಆರಿತು. "ಕೋಟುಗಳನ್ನ ಲಾಂಡ್ರಿಗೆ ಕೊಟ್ಟಿದೀನಿ," ಎಂದಷ್ಟೇ ಹೇಳಿ ಒಳಗೆ ಹೋದರು. ಬಲಗೈಯ ರಟ್ಟೆಯನ್ನು ಎಡಗೈಯಿಂದ ಒತ್ತಿಕೊಳ್ಳುತ್ತಿದ್ದರು.

ರಾತ್ರಿಯೂಟಕ್ಕೆ ಮೊದಲು ಡಾಕ್ಟರು ಚಿತ್ರವನ್ನು ಕಂಪ್ಯೂಟರಿನಲ್ಲಿ ಹಾಕಿ, ಹಲ್ಲಿನ ಕಿಟ್ಟ ತೆಗೆಯುವ ಶ್ರದ್ಧೆಯಿಂದ ಒಂದು ಕಾಗೆಯನ್ನೂ ಒಂದು ಆಂಟೆನಾವನ್ನೂ ಅಳಿಸಿದರು. ಹಾಗೆ ಮೂಲೆ ಮೂಲೆ ಹಿಗ್ಗಿಸುತ್ತ ಹೋದಾಗ ಗುಮ್ಮಟದ ಬುಡದ ಕಟಾಂಜನದಲ್ಲಿ ಅವರಿಗೆ ಏನೋ ಕಂಡಿತು. ಇನ್ನೂ ಹಿಗ್ಗಿಸಿದರು. ಚಿಕ್ಕ ಪರದೆಯಲ್ಲಿ ಅಂಚುಗಳು ಮಸುಕಾದವು, ಆದರೂ ಗುರುತು ಸಿಕ್ಕಿತು. ಕಲ್ಲಿನ ಬಣ್ಣದ ಎರಡು ಹೆಣ್ಣು ರೂಪಗಳು!

"ಬನ್ನಿ ಇಲ್ಲಿ, ಇಬ್ರೂ ಬನ್ನಿ! ನೂರು ವರ್ಷದಿಂದ ಊರಲ್ಲಿ ಯಾರ ಕಣ್ಣಿಗೂ ಬೀಳದ ಶಿಲ್ಪಗಳನ್ನ ನನ್ನ ಲೆನ್ಸ್ ಹಿಡಿದಿದೆ!"

ಇಬ್ಬರೂ ಬಂದರು. ಬಗ್ಗಿ ನೋಡಿದರು. ಹೆಂಡತಿ ಬಾಯಿ ತೆರೆದರು. ಅತ್ತೆಯವರು ಮೆಲ್ಲಗೆ ಮಗಳ ಕಾಲು ತುಳಿದರು.

"ಶಿಲ್ಪಗಳಾ?" ಎಂದು ಹೆಂಡತಿ ಕೇಳಿದರು.

"ಮತ್ತಿನ್ನೇನು? ಗುಮ್ಮಟದ ಮೇಲಕ್ಕೆ ಜನರನ್ನೇ ಬಿಡಲ್ಲ, ಅದು ಮುಚ್ಚಿ ಎಷ್ಟೋ ವರ್ಷ ಆಯ್ತು. ಇವಳನ್ನ ನೋಡು, ಕೈಯೆತ್ತಿ ಧ್ವಜ ಬೀಸ್ತಾ ಇರೋಳು. ಶಿಲಾಬಾಲಿಕೆ! ಆ ಕತ್ತಿನ ನಿಲುವು ನೋಡು, ಆ ಠೀವಿ ನೋಡು. ಈಗಿನ ಕಾಲದಲ್ಲಿ ಇಂಥ ಹೆಂಗಸರು ಎಲ್ಲಿದಾರೆ?"

"ಅದೂ ನಿಜ," ಎಂದರು ಹೆಂಡತಿ. ಅವರ ಕೆನ್ನೆ ಸ್ವಲ್ಪ ಕೆಂಪಾಗಿತ್ತು. ಏಕೆಂದು ಡಾಕ್ಟರು ಕೇಳಲಿಲ್ಲ.

"ಪಕ್ಕದವಳು?" ಎಂದು ಅತ್ತೆಯವರು ಕೇಳಿದರು.

"ಅವಳಾ? ಗಿಡ್ಡಕ್ಕೆ, ದಪ್ಪಕ್ಕೆ... ಕಾವಲು ರಾಕ್ಷಸಿ. ಒಳ್ಳೇ ಶಿಲ್ಪದ ಪಕ್ಕ ದೃಷ್ಟಿಯಾಗದೆ ಇರಲಿ ಅಂತ ಒಂದು ವಿಕಾರ ಇಡೋದುಂಟು, ಅತ್ತೆ. ಒಂದೇ ದೋಷ ಅಂದ್ರೆ ಹಲ್ಲು. ಬಾಯಿ ತೆರೆದ ಹಾಗೆ ಕೆತ್ತಿದಾನೆ, ನೋಡಿ, ಮುಖದ ತುಂಬ ಬರೀ ಹಲ್ಲೇ. ಆ ಶಿಲ್ಪಿಗೆ ಹಲ್ಲಿನ ಅಳತೆಯ ಗಂಧಗಾಳಿ ಇಲ್ಲ. ರಾಕ್ಷಸಿ ಬಾಯಲ್ಲೂ ಇಷ್ಟು ದೊಡ್ಡ ಹಲ್ಲು ಹಿಡಿಯಲ್ಲ!"

ಅತ್ತೆಯವರು ಕೈ ಅಡ್ಡ ಹಿಡಿದರು. ಭುಜ ಕುಲುಕುತ್ತಿತ್ತು. ಕೆಮ್ಮು ಬಂತೆಂದು ಡಾಕ್ಟರು ತಿಳಿದರು.

ಹೆಂಡತಿ ನಿಜ ಹೇಳಿಬಿಡಬಹುದಿತ್ತು. ಹೇಳಬೇಕೆಂದೂ ಇದ್ದರಂತೆ. ಆದರೆ ಗಂಡ ಕತ್ತಿನ ನಿಲುವು ಹೊಗಳಿದ್ದು ಎಷ್ಟು ವರ್ಷದ ಮೇಲೋ! ಕಲ್ಲಾಗಿಯಾದರೂ ಇನ್ನಷ್ಟು ದಿನ ಹೊಗಳಿಸಿಕೊಳ್ಳೋಣ ಎಂದು ಸುಮ್ಮನಾದರು.

ಹೊಗಳಿಕೆಗೆ ಬರವಿರಲಿಲ್ಲ. ಡಾಕ್ಟರು ಚಿತ್ರದ ಜೊತೆ "ಮನುಷ್ಯರ ಸುಳಿವಿಲ್ಲದ ಶುದ್ಧ ವಾಸ್ತುವೈಭವ" ಎಂದು ಬರೆದು ಕಳಿಸಿದರು. ಕ್ಲಿನಿಕ್ಕಿನಲ್ಲಿ ಬಾಯಿ ತೆರೆದವರಿಗೆಲ್ಲ ಶಿಲಾಬಾಲಿಕೆಯ ಠೀವಿ, ಕಾವಲು ರಾಕ್ಷಸಿಯ ಹಲ್ಲು, ಎರಡರ ಮೇಲೂ ಉಪನ್ಯಾಸ ಕೊಟ್ಟರು. ಹಲ್ಲುನೋವಿಗೆಂದು ಬಂದವರು ಶಿಲ್ಪಶಾಸ್ತ್ರ ಕಲಿತು ಹೋದರು. ಒಂದು ದಿನ ಮ್ಯೂಸಿಯಂನಿಂದ ಫೋನು ಬಂತು. ಗೋಡೆ ಡಾಕ್ಟರದೇ!

ಬಾಗಿಲು ತೆರೆಯುವ ದಿನ ಅವರು ಹೊಸ ಸೂಟು ತೊಟ್ಟರು. ಹೆಂಡತಿ, ಅತ್ತೆ ಇಬ್ಬರೂ ಒಳ್ಳೆಯ ಬಟ್ಟೆಯಲ್ಲಿ ಮುಂದಿನ ಸಾಲಿನಲ್ಲಿ ಕೂತರು. ಹಜಾರದ ತುಂಬ ಜನ, ಅವರಲ್ಲಿ ಅರ್ಧದಷ್ಟು ಪೇಷಂಟುಗಳು. ಡಾಕ್ಟರು ಈ ಕಟ್ಟಡದ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಆದರೆ ಮುಖದಲ್ಲಿ ಮಾತ್ರ ಕಟ್ಟಿಸಿದವರ ಗತ್ತಿತ್ತು. ಮ್ಯೂಸಿಯಂನ ಮುಖ್ಯಾಧಿಕಾರಿ, ಕನ್ನಡಕದ ಗಂಭೀರ ಹೆಂಗಸು, ಹಗ್ಗ ಎಳೆದರು. ಪರದೆ ಸರಿಯಿತು. ಗೋಡೆ ತುಂಬ ಹೊನ್ನಿನ ಗುಮ್ಮಟ. ಜನ "ಓಹ್!" ಎಂದರು. ಈ ಸಲ ಯಾರ ಬಾಯಲ್ಲೂ ಹತ್ತಿ ಇರಲಿಲ್ಲ. ಅಪ್ಪಟ ಮೆಚ್ಚುಗೆ. ಡಾಕ್ಟರ ಕಣ್ಣು ಒದ್ದೆಯಾಯಿತು.

ಮೈಕು ಕೈಗೆ ಬಂತು. ಗಾಳಿ ಬಂದಾಗ ತೂರಿಕೋ ಎಂದು ಡಾಕ್ಟರು ಶುರುಮಾಡಿದರು. "ಈ ಚಿತ್ರದಲ್ಲಿ ನರಪಿಳ್ಳೆಯೂ ಇಲ್ಲ. ಇರೋದು ಎರಡು ಶಿಲ್ಪ. ಅಗೋ ನೋಡಿ, ಕಟಾಂಜನದ ಹತ್ತಿರ. ಒಬ್ಬಳು ಶಿಲಾಬಾಲಿಕೆ, ಇನ್ನೊಬ್ಬಳು ಕಾವಲು ರಾಕ್ಷಸಿ..."

"ಡಾಕ್ಟ್ರೇ," ಮುಖ್ಯಾಧಿಕಾರಿ ಮೆಲ್ಲಗೆ ಅಂದರು. ಮೈಕು ಅದನ್ನು ಮೆಲ್ಲಗಿರಲು ಬಿಡಲಿಲ್ಲ. "ನಮ್ಮ ಗುಮ್ಮಟದಲ್ಲಿ ಶಿಲ್ಪಗಳೇ ಇಲ್ಲ. ಅವರು ಜನ. ಬಾಗಿಲು ತೆರೆಯೋ ಮೊದಲು ಪರೀಕ್ಷೆಗೆ ಅಂತ ಸ್ವಲ್ಪ ದಿನ ಬೆಳಗಾಗುತ್ಲೇ ಮೇಲಕ್ಕೆ ಬಿಟ್ಟಿದ್ವಲ್ಲ, ಆಗ ಬಂದವರು. ನಿಮ್ಮ ಚಿತ್ರ ಆರಿಸಿದ್ದೇ ಅವರಿಗೋಸ್ಕರ. ಬರೀ ಗುಮ್ಮಟದ ಫೋಟೋ ರಾಶಿ ಬಂದಿದ್ವು. ಆದ್ರೆ ಈ ಇಬ್ಬರು ಅಷ್ಟು ಪುಟ್ಟದಾಗಿ ನಿಂತು, ಯಾರಿಗೋ ಅಷ್ಟು ಪ್ರೀತಿಯಿಂದ ಬಟ್ಟೆ ಬೀಸ್ತಿದಾರಲ್ಲ, ಅದರಿಂದ್ಲೇ ಗುಮ್ಮಟ ಎಷ್ಟು ದೊಡ್ಡದು ಅಂತ ಗೊತ್ತಾಗೋದು."

ದೊಡ್ಡದರ ಹತ್ತಿರ ಹೋಗಬಾರದೆಂದು ಊರಿಗೆಲ್ಲ ಹೇಳಿದ್ದ ಡಾಕ್ಟರು ಮೊದಲ ಬಾರಿಗೆ ಹತ್ತಿರ ಹೋದರು. ಗೋಡೆಗೆ ಮೂಗು ತಾಗುವಷ್ಟು. ಕಟಾಂಜನ ಅವರ ಕಣ್ಣಿನ ಎತ್ತರಕ್ಕೇ ಇತ್ತು. ಬೀಸುತ್ತಿದ್ದ ಧ್ವಜಕ್ಕೆ ಎರಡು ತೋಳುಗಳಿದ್ದವು, ಒಂದು ಜೇಬಿತ್ತು. ನಿಧಾನವಾಗಿ ಪಕ್ಕಕ್ಕೆ ಸರಿದು ಕಾವಲು ರಾಕ್ಷಸಿಯ ಬಾಯಿ ನೋಡಿದರು. ಹಲ್ಲು ಡಾಕ್ಟರಿಗೆ ಮುಖ ಮರೆಯಬಹುದು, ತಾನು ಕಟ್ಟಿದ ಹಲ್ಲು ಮರೆಯುವುದಿಲ್ಲ. ಆ ಮೇಲಿನ ಸಾಲು, ಆ ಅಗಲ, ತುಟಿಯ ಆಚೆಗೆ ಅದು ಚಾಚಿಕೊಂಡ ರೀತಿ...

ತಿರುಗಿ ನೋಡಿದರು. ಮುಂದಿನ ಸಾಲಿನಲ್ಲಿ ಅದೇ ಹಲ್ಲುಗಳು, ಅದೇ ಅಗಲಕ್ಕೆ, ಕೈ ಅಡ್ಡವಿಲ್ಲದೆ ಅವರನ್ನು ನೋಡಿ ನಗುತ್ತಿದ್ದವು.

ಸಭೆಗೆ ವಿಷಯ ಗೊತ್ತಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಲ್ಲಿನ ಉಪನ್ಯಾಸ ಕೇಳಿದ್ದ ಪೇಷಂಟುಗಳು ಮೊದಲು ಗೋಡೆಯನ್ನೂ ಆಮೇಲೆ ಅತ್ತೆಯವರನ್ನೂ ನೋಡಿ, ವರ್ಷಗಳ ಸೇಡು ತೀರುವಷ್ಟು ನಕ್ಕರು. ಪತ್ರಿಕೆಯವರು ಕ್ಯಾಮರಾ ಹಿಡಿದು ನುಗ್ಗಿ ಬಂದರು. ಡಾಕ್ಟರು ಟೈ ಸರಿಮಾಡಿಕೊಂಡು ನಿಂತರು.

"ಸಾರ್, ಸ್ವಲ್ಪ ಆ ಕಡೆ ಸರೀತೀರಾ? ಮೇಡಂನೋರಿಗೆ ಅಡ್ಡ ಬರ್ತಿದೀರಿ."

ಸರಿದರು. ಸರಿದು ಕಂಬವೊಂದರ ಪಕ್ಕ ನಿಂತು ನೋಡಿದರು. ಚಿತ್ರದ ಮುಂದೆ ನಿಂತ ಹೆಂಡತಿಯ ಕತ್ತಿನ ನಿಲುವು ಹಾಗೇ ಇತ್ತು, ಠೀವಿಯೂ ಹಾಗೇ ಇತ್ತು. ದಿನಾ ಎದುರಿಗೆ ಕೂತು ಉಂಡರೂ ಕಾಣಿಸಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ಡಾಕ್ಟರಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಒಂದು ತೂಕ ಹೆಚ್ಚಾಗಿ ಹೆಮ್ಮೆಯೂ ಆಯಿತು.

ಗಲಾಟೆ ಮುಗಿದ ಮೇಲೆ ಹೆಂಡತಿಯ ಹಿಂದೆ ಏದುಸಿರು ಬಿಡುತ್ತ ಗುಮ್ಮಟ ಹತ್ತಿದರು. ಕಟಾಂಜನಕ್ಕೆ ಒರಗಿದಾಗ ಕಾಲಡಿಗೆ ಇಡೀ ಊರು.

"ಲಾಂಡ್ರಿ ಇರೋದು ಇದರ ಪಕ್ಕದಲ್ಲೇ ಅಲ್ವಾ. ಕೋಟು ಕೊಡೋಕೆ ಬಂದ್ವಿ, ಅಂಗಡಿ ಇನ್ನೂ ತೆಗೆದಿರ್ಲಿಲ್ಲ. ಮೇಲಕ್ಕೆ ಬಿಡ್ತಿದಾರೆ ಅಂತ ಗೊತ್ತಾಯ್ತು, ಹತ್ತಿದ್ವಿ," ಎಂದರು ಹೆಂಡತಿ. "ನಿಮ್ಮ ಕೋಟು ಎಷ್ಟು ಹೊತ್ತು ಬೀಸಿದೆ ಗೊತ್ತಾ? ರಟ್ಟೆ ಬಿದ್ದುಹೋಯ್ತು. ಅಷ್ಟು ದೊಡ್ಡ ಕೊಳವೇಲಿ ನೋಡ್ತಿದಾರೆ, ನನ್ನ ಕಂಡೇ ಕಾಣ್ತಾರೆ ಅಂದ್ಕೊಂಡೆ."

"ತಪ್ಪಾಯ್ತು ಕಣೇ," ಎಂದರು ಡಾಕ್ಟರು. ಕಟಾಂಜನದಾಚೆ ಬಗ್ಗಿ ಕೇಳಿದರು: "ನಮ್ಮ ಮನೆ ಎಲ್ಲಿ?"

"ಅಗೋ, ಆ ಹಸಿರು ಟ್ಯಾಂಕಿನ ಎಡಕ್ಕೆ."

ಡಾಕ್ಟರು ಕಣ್ಣು ಕಿರಿದು ಮಾಡಿದರು. ಹಣೆಗೆ ಕೈ ಹಿಡಿದರು. ಟ್ಯಾಂಕುಗಳ ಕಾಡು ಬಿಟ್ಟರೆ ಏನೂ ಕಾಣಲಿಲ್ಲ. "ಇಷ್ಟು ದೂರದಿಂದ ಕೊಳವೆ ಇಲ್ಲದೆ ನಾನು ತಾರಸಿ ಮೇಲಿದೀನಿ ಅಂತ ನಿಂಗೆ ಹೇಗೆ ಗೊತ್ತಾಯ್ತು?"

"ಟೋಪಿ ತೆಗೆದಿದ್ರಲ್ಲ," ಎಂದರು ಹೆಂಡತಿ. "ಬಿಸಿಲು ಬಿದ್ದು ಹೊಳೀತಿತ್ತು. ಅಮ್ಮ ಕೂಡ ಗುರುತು ಹಿಡಿದ್ರು. ಅದಕ್ಕೇ ಅವರಿಗೆ ಅಷ್ಟು ನಗು ಬಂದಿದ್ದು."

ಈಗ ಮಷೀನು ಬೆಳಗ್ಗೆ ನಿರಾತಂಕವಾಗಿ ಕುಣಿಯುತ್ತದೆ. ಡಾಕ್ಟರು ಅತ್ತೆಗೆ ಹೊಸ ಹಲ್ಲಿನ ಸೆಟ್ಟು ಕಟ್ಟಲು ಅಳತೆ ತೆಗೆಯುತ್ತೇನೆಂದು ದಿನವೂ ಗೋಗರೆಯುತ್ತಾರೆ. ಅತ್ತೆಯವರು ಸುತರಾಂ ಒಪ್ಪುತ್ತಿಲ್ಲ. ಅವರು ವಾರಕ್ಕೊಮ್ಮೆ ಯಾರನ್ನಾದರೂ ಜೊತೆ ಮಾಡಿಕೊಂಡು ಬಸ್ಸಿನಲ್ಲಿ ಮ್ಯೂಸಿಯಂಗೆ ಹೋಗುತ್ತಾರೆ. ಆ ಗೋಡೆಯ ಮುಂದೆ ನಿಂತು, ಬಂದವರಿಗೆಲ್ಲ ತಮ್ಮ ಬಾಯನ್ನು ಬೆರಳು ಮಾಡಿ ತೋರಿಸಿ, ತುಂಬು ಅಭಿಮಾನದಿಂದ ಹೇಳುತ್ತಾರೆ:

"ನಮ್ಮ ಅಳಿಯಂದಿರ ಕೈಕೆಲಸ. ಎರಡು ಸ್ಟಾಪ್ ದೂರದಿಂದ್ಲೂ ಹೇಗೆ ಕಾಣಿಸ್ತವೆ ನೋಡಿ!"